ಒಂದೇ ಹೆಸರು, ಹಲವು ವಿಮಾನಗಳು: ತೇಜಸ್‌ನ ಆವೃತ್ತಿಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

2024ರ ಮಾರ್ಚ್ 28ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಎಲ್‌ಎ-5033 ಎಂಬ ಸಂಖ್ಯೆಯ ತೇಜಸ್ ಮಾರ್ಕ್-1ಎ ವಿಮಾನ ಮೇಲೇರಿ, 18 ನಿಮಿಷ ಹಾರಿ ಇಳಿಯಿತು. ಮರುದಿನದ ಪತ್ರಿಕೆಯಲ್ಲಿ ಅದು ‘ಮೊದಲ ಹಾರಾಟ’ ಎಂದು ಸುದ್ದಿಯಾಗಿತ್ತು. ನ್ಯೂ ತಿಪ್ಪಸಂದ್ರದಲ್ಲಿ ನಮ್ಮ ಎದುರು ಮನೆಯಲ್ಲಿರುವ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ರಾಯರು ಆ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡೇ ನಮ್ಮ ಗೇಟಿನ ಹತ್ತಿರ ಬಂದರು. “ಅಲ್ರೀ, ತೇಜಸ್ ಹಾರಿ ಇಪ್ಪತ್ತು ವರ್ಷದ ಮೇಲಾಯ್ತು. ವಾಯುಪಡೆಯಲ್ಲಿ ಎರಡು ಸ್ಕ್ವಾಡ್ರನ್ ಇದೆ ಅಂತ ನೀವೇ ಹೇಳಿದ್ರಿ. ಈಗ ಮತ್ತೆ ಮೊದಲ ಹಾರಾಟ ಅಂದ್ರೆ ಏನರ್ಥ?” ಎಂದು ಕೇಳಿದರು. ಇದು ಹೊಸ ಆವೃತ್ತಿಯ ಮೊದಲ ಹಾರಾಟ ಎಂದು ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಆ ಉತ್ತರದಿಂದ ಅವರಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಹೊಸ ಆವೃತ್ತಿ ಎಂದರೆ ಏನು ಹೊಸದು, ಯಾವುದು ಹಳೆಯದಾಗಿಯೇ ಉಳಿದಿದೆ, ಹಳೆಯ ವಿಮಾನಗಳ ಗತಿ ಏನು ಎಂಬುದನ್ನು ಹೇಳದೆ ಆ ಮಾತು ಪೂರ್ಣವಾಗುವುದಿಲ್ಲ. ಹನ್ನೆರಡು ವರ್ಷಗಳಿಂದ ತೇಜಸ್‌ನ ಬಾಲದ ಮೇಲಿನ ಸಂಖ್ಯೆಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾ ಬಂದಿರುವ ನನಗೆ, ಗೇಟಿನ ಬಳಿ ನಿಂತು ಕೊಡಲಾಗದ ಆ ಉತ್ತರವನ್ನು ಬರೆದಾದರೂ ಕೊಡಬೇಕೆನ್ನಿಸಿತು.

ಮೊದಲಿಗೆ ಹೇಳಬೇಕಾದದ್ದೆಂದರೆ, ಯುದ್ಧವಿಮಾನದ ಹೆಸರು ಒಂದು ವಸ್ತುವಿನ ಹೆಸರಲ್ಲ, ಒಂದು ವಂಶದ ಹೆಸರು. ಆ ವಂಶದಲ್ಲಿ ಬದಲಾವಣೆ ಮೂರು ದಾರಿಗಳಲ್ಲಿ ಬರುತ್ತದೆ. ಕಾರ್ಖಾನೆಯಲ್ಲಿ ಕಟ್ಟುವಾಗಲೇ ರಚನೆ, ವಿದ್ಯುತ್ ವ್ಯವಸ್ಥೆ, ಉಪಕರಣಗಳನ್ನು ಬೇರೆಯಾಗಿ ಕೂಡಿಸಿದರೆ ಅದು ಹೊಸ ಉತ್ಪಾದನಾ ಆವೃತ್ತಿ. ಸೇವೆಯಲ್ಲಿರುವ ವಿಮಾನವನ್ನು ಮತ್ತೆ ಹ್ಯಾಂಗರಿಗೆ ತಂದು, ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಅಳವಡಿಸಿದರೆ ಅದು ಉನ್ನತೀಕರಣ. ಇವೆರಡರ ನಡುವೆ, ಹೊರಗಿನವರ ಕಣ್ಣಿಗೆ ಬೀಳದ ಮೂರನೆಯದೊಂದಿದೆ: ವಿಮಾನ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ಆದರೆ ಅದರಿಂದ ಏನೇನು ಮಾಡಿಸಬಹುದು ಎಂಬ ಅನುಮತಿ ಹಿಗ್ಗುತ್ತಾ ಹೋಗುತ್ತದೆ. ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವರು ಕೈಯಲ್ಲಿ ದುಡ್ಡಿಲ್ಲದಿದ್ದರೂ ತಾರಸಿಯ ಮೇಲೆ ಪಿಲ್ಲರಿನ ಕಬ್ಬಿಣವನ್ನು ಎಬ್ಬಿಸಿ ಬಿಡುವುದುಂಟು. ಆ ಕಬ್ಬಿಣ ಬಿಟ್ಟ ಮನೆಗೆ ಮುಂದೆ ಮಹಡಿ ಬರುತ್ತದೆ. ಬಿಡದ ಮನೆಗೆ ಬರುವುದು ಕಷ್ಟ. ವಿಮಾನದ ವಿಷಯದಲ್ಲಿಯೂ ಹಾಗೆಯೇ, ಮುಂದಿನ ಆವೃತ್ತಿಗೆ ಎಷ್ಟು ಜಾಗ, ಎಷ್ಟು ವಿದ್ಯುತ್, ಎಷ್ಟು ತೂಕದ ಅವಕಾಶ ಉಳಿದಿದೆ ಎಂಬುದು ಮೊದಲ ಆವೃತ್ತಿಯನ್ನು ಕಟ್ಟಿದ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಹಗುರ ಯುದ್ಧವಿಮಾನ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಅದರ ವಿನ್ಯಾಸಕ್ಕಾಗಿ ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾದದ್ದು 1984ರಲ್ಲಿ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಹಾರಿಸಿದ ವಿಮಾನದ ಹೆಸರು ಟಿಡಿ-1. ಟಿಡಿ ಎಂದರೆ ತಂತ್ರಜ್ಞಾನ ನಿದರ್ಶಕ. ಇಂಥದ್ದೊಂದು ವಿಮಾನವನ್ನು ನಾವು ಮಾಡಬಲ್ಲೆವೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದಷ್ಟೇ ಅದರ ಕೆಲಸ. ಅದರಲ್ಲಿ ಯುದ್ಧಕ್ಕೆ ಬೇಕಾದ ರಡಾರ್ ಆಗಲಿ ಆಯುಧಗಳಾಗಲಿ ಇರಲಿಲ್ಲ. ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ, ಕಂಪ್ಯೂಟರಿನ ನೆರವಿಲ್ಲದೆ ಕ್ಷಣಕಾಲವೂ ನೇರವಾಗಿ ಹಾರಲಾರದ ವಿಮಾನವನ್ನು ನಮ್ಮದೇ ನಿಯಂತ್ರಣ ತಂತ್ರಾಂಶ ಹಿಡಿದಿಡಬಲ್ಲದೇ ಎಂಬುದೇ ಅಂದಿನ ದೊಡ್ಡ ಪರೀಕ್ಷೆಯಾಗಿತ್ತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧಗಳಿಂದ ಅಲ್ಲಿನ ಸಹಕಾರ ನಿಂತುಹೋದ ಮೇಲೆ, ಆ ಕೆಲಸವನ್ನು ಇಲ್ಲಿಯ ತಂಡ ಇಲ್ಲಿಯೇ ಮುಗಿಸಿತ್ತು. ಆ ಹಾರಾಟದ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ. ಹಾಗಿದ್ದರೂ ಟಿಡಿ-1ನ್ನು ಮುಂದೆ ವಾಯುಪಡೆಗೆ ಹೋದ ತೇಜಸ್ ಎಂದು ಭಾವಿಸುವುದು ಸರಿಯಲ್ಲ.

ಅದರ ಬಳಿಕ ಬಂದವು ಪಿವಿ, ಅಂದರೆ ಮೂಲಮಾದರಿ ವಿಮಾನಗಳು. ಪಿವಿ-1 ಹಾರಿದ್ದು 2003ರ ನವೆಂಬರಿನಲ್ಲಿ. ನಂತರ ಎಲ್‌ಎಸ್‌ಪಿ, ಅಂದರೆ ಸೀಮಿತ ಸಂಖ್ಯೆಯ ಉತ್ಪಾದನೆಯವು. ಎಲ್‌ಎಸ್‌ಪಿ-1 ಹಾರಿದ್ದು 2007ರ ಏಪ್ರಿಲ್‌ನಲ್ಲಿ. ಇವುಗಳ ಹೆಸರಿನಲ್ಲಿ ‘ಉತ್ಪಾದನೆ’ ಎಂದಿದ್ದರೂ ಒಂದಕ್ಕೊಂದು ತದ್ರೂಪವಲ್ಲ. ಎಲ್‌ಎಸ್‌ಪಿ-2ರಲ್ಲಿ ಮೊದಲ ಬಾರಿಗೆ ಎಫ್-404ರ ಐಎನ್-20 ಎಂಬ ಹೆಚ್ಚಿನ ಶಕ್ತಿಯ ಎಂಜಿನ್ ಬಂತು. 2010ರ ಏಪ್ರಿಲ್‌ನಲ್ಲಿ ಹಾರಿದ ಎಲ್‌ಎಸ್‌ಪಿ-3ರಲ್ಲಿ ರಡಾರ್ ಬಂತು. ಅದೇ ವರ್ಷ ಜೂನ್‌ನಲ್ಲಿ ಹಾರಿದ ಎಲ್‌ಎಸ್‌ಪಿ-4 ವಾಯುಪಡೆಗೆ ಕೊಡಬೇಕಾದ ರೂಪಕ್ಕೆ ಹತ್ತಿರವಾಯಿತು. ಎಲ್‌ಎಸ್‌ಪಿ-5ರ ನಂತರ ಹಾರಿದ್ದು ಎಲ್‌ಎಸ್‌ಪಿ-7. ಒಂದೊಂದು ವಿಮಾನವೂ ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಇವುಗಳನ್ನು ವಾಯುಪಡೆಯ ಸ್ಕ್ವಾಡ್ರನ್‌ಗಳಿಗೆ ಕೊಡಲಿಲ್ಲ. ಅವು ಪರೀಕ್ಷೆಯ ಕೆಲಸಕ್ಕೆಂದು ಬೆಂಗಳೂರಿನಲ್ಲಿಯೇ ಉಳಿದುಕೊಂಡವು. ಅದು ಎಷ್ಟು ಮುಖ್ಯವಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ನಿಜವಾದ ಸರಣಿ ಉತ್ಪಾದನೆ ಆರಂಭವಾದದ್ದು ಎಸ್‌ಪಿ ವಿಮಾನಗಳಿಂದ. ಎಸ್‌ಪಿ-1 ಹಾರಿದ್ದು 2014ರ ಸೆಪ್ಟೆಂಬರ್ 30ರಂದು, ಅದರ ಹಸ್ತಾಂತರವಾದದ್ದು 2015ರ ಜನವರಿಯಲ್ಲಿ. ಇಲ್ಲಿ ಬಾಲದ ಸಂಖ್ಯೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರಾಯರಿಗೆ ಕಾಗದದ ಮೇಲೆ ಬರೆದು ತೋರಿಸಿದಾಗ ಅವರಿಗೆ ಮೊದಲು ಹಿಡಿಸಿದ್ದು ಇದೇ. ವಾಯುಪಡೆ ಮೊದಲು ಎರಡು ಕಂತಿನಲ್ಲಿ ಇಪ್ಪತ್ತಿಪ್ಪತ್ತರಂತೆ 40 ವಿಮಾನಗಳಿಗೆ ಬೇಡಿಕೆ ಕೊಟ್ಟಿತ್ತು. ಪ್ರತಿ ಕಂತಿನಲ್ಲಿ ಒಂದೇ ಆಸನದವು 16, ತರಬೇತಿಗಾಗಿ ಎರಡು ಆಸನದವು 4. ಒಂದೇ ಆಸನದ ವಿಮಾನಗಳಿಗೆ ಎಲ್‌ಎ-5001ರಿಂದ ಸಂಖ್ಯೆ ಆರಂಭವಾಗುತ್ತದೆ. ಹದಿನಾರು ಮತ್ತು ಹದಿನಾರು ಸೇರಿದರೆ 32. ಹಾಗಾಗಿ ಎಲ್‌ಎ-5033 ಎಂಬ ಸಂಖ್ಯೆಯೇ, ಹಳೆಯ ಎರಡು ಕಂತುಗಳು ಮುಗಿದು ಮೂರನೆಯ ರೂಪದ ಮೊದಲ ವಿಮಾನ ಇದು ಎಂದು ಹೇಳುತ್ತಿತ್ತು. ತರಬೇತಿ ವಿಮಾನಗಳದ್ದು ಬೇರೆಯೇ ಸಾಲು. ಅದರ ಮೊದಲನೆಯದು, ಎಲ್‌ಟಿ-5201, ವಾಯುಪಡೆಯ ಕೈಸೇರಿದ್ದು 2023ರ ಅಕ್ಟೋಬರ್ 4ರಂದು. “ಪಾಸ್‌ಬುಕ್ಕಿನ ನಂಬರಿನ ಹಾಗೆ, ಶಾಖೆ ಯಾವುದು ಖಾತೆ ಯಾವುದು ಅಂತ ನಂಬರಿನಲ್ಲೇ ಗೊತ್ತಾಗುತ್ತೆ ಅನ್ನಿ,” ಎಂದರು ರಾಯರು.

ಇನ್ನು ಆ ಎರಡು ಕಂತುಗಳ ನಡುವಿನ ವ್ಯತ್ಯಾಸ. ಎರಡನ್ನೂ ಮಾರ್ಕ್-1 ಎಂದೇ ಕರೆಯುತ್ತಾರೆ. ಮೊದಲ ಕಂತಿನವು ಆರಂಭಿಕ ಕಾರ್ಯಾಚರಣಾ ಅನುಮತಿಯ ಮಟ್ಟದವು, ಎರಡನೆಯವು ಅಂತಿಮ ಅನುಮತಿಯ ಮಟ್ಟದವು. ಈ ಅನುಮತಿ ಎಂಬ ಪದವನ್ನು ಸರ್ಕಾರಿ ಮುದ್ರೆ ಎಂದುಕೊಂಡು ದಾಟಿಬಿಡುವವರೇ ಹೆಚ್ಚು. ವಾಸ್ತವದಲ್ಲಿ ನೂರಾರು ಹಾರಾಟಗಳ ಶ್ರಮವೆಲ್ಲ ಆ ಪದದ ಹಿಂದಿದೆ. ವಿಮಾನದ ರೆಕ್ಕೆ ಎಷ್ಟು ಭಾರ ತಡೆಯುತ್ತದೆಂದು ವಿನ್ಯಾಸಕಾರರಿಗೆ ಲೆಕ್ಕದಲ್ಲಿ ಗೊತ್ತಿರುತ್ತದೆ. ಆದರೆ ಲೆಕ್ಕವನ್ನು ನಂಬಿ ಪೈಲಟ್‌ನ ಜೀವವನ್ನು ಒಪ್ಪಿಸಲಾಗದು. ಆದುದರಿಂದ ಇಂದು ಇಷ್ಟು, ನಾಳೆ ಇನ್ನಷ್ಟು ಎಂದು ಮಿತಿಯನ್ನು ಸ್ವಲ್ಪಸ್ವಲ್ಪವೇ ಸರಿಸುತ್ತಾ, ಪ್ರತಿಯೊಂದು ಹಾರಾಟದ ಅಳತೆಗಳನ್ನು ಲೆಕ್ಕದೊಂದಿಗೆ ಹೋಲಿಸುತ್ತಾ ಹೋಗಬೇಕು. ಆರಂಭಿಕ ಅನುಮತಿಯಲ್ಲಿ 6 ಜಿ ಇದ್ದ ಮಿತಿ ಅಂತಿಮ ಅನುಮತಿಯಲ್ಲಿ 8 ಜಿಗೆ ಏರಿತು. 8 ಜಿ ಎಂದರೆ ತೀಕ್ಷ್ಣವಾಗಿ ತಿರುಗುವಾಗ ಎಪ್ಪತ್ತು ಕಿಲೋ ತೂಕದ ಪೈಲಟ್‌ಗೆ ತನ್ನ ಮೈ 560 ಕಿಲೋ ಆದಂತೆ ಭಾಸವಾಗುತ್ತದೆ; ರೆಕ್ಕೆಯಡಿ ತೂಗುವ ಒಂದೊಂದು ಕ್ಷಿಪಣಿಯೂ ಎಂಟು ಪಟ್ಟು ಭಾರವಾಗುತ್ತದೆ. ಕಣ್ಣಿಗೆ ದೂರದ ಗುರಿಯನ್ನು ಹೊಡೆಯುವ ಡರ್ಬಿ ಕ್ಷಿಪಣಿ, ಆಕಾಶದಲ್ಲೇ ಇಂಧನ ತುಂಬಿಕೊಳ್ಳುವ ಸೌಲಭ್ಯ ಇವೆಲ್ಲ ಅಂತಿಮ ಅನುಮತಿಯ ಪಟ್ಟಿಗೆ ಸೇರಿದವು. ಆ ಅನುಮತಿಯ ದಾಖಲೆ ಹೊರಬಂದದ್ದು 2019ರ ಫೆಬ್ರವರಿ 20ರಂದು, ಯಲಹಂಕದ ಏರೋ ಇಂಡಿಯಾದಲ್ಲಿ.

2023ರ ಏರೋ ಇಂಡಿಯಾದಲ್ಲಿ ನಾನು ಹಗ್ಗದ ಬೇಲಿಯ ಈಚೆ ನಿಂತು ತೇಜಸ್‌ನ ಬಲಬದಿಯನ್ನು ಬಹಳ ಹೊತ್ತು ನೋಡಿದ್ದೆ. ಇಂಧನ ತುಂಬಿಕೊಳ್ಳುವ ಕೊಳವೆ ಕಾಕ್‌ಪಿಟ್ಟಿನ ಬಲಗಡೆ, ಗಾಜಿನ ಕೆಳಗಿನಿಂದ ಹೊರಟು, ಮೊಣಕೈಯಂತೆ ಬಾಗಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಒಳಗೆ ಮಡಚಿಕೊಳ್ಳುವುದಿಲ್ಲ, ಬೋಲ್ಟುಗಳಿಂದ ಬಿಗಿದ, ಬೇಕೆಂದಾಗ ಬಿಚ್ಚಬಹುದಾದ ರಚನೆ ಅದು. ಬಳಿದ ಬಣ್ಣದಲ್ಲಿ, ಕೊಳವೆಯ ಬುಡ ಮೈಗೆ ಸೇರುವಲ್ಲಿ, ಅದು ಆಮೇಲೆ ಸೇರಿಸಿದ ಅಂಗವೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಹೊರಗಿನಿಂದ ನೋಡುವವರಿಗೆ ಎರಡು ಕಂತುಗಳನ್ನು ಬೇರೆ ಮಾಡಿ ಗುರುತಿಸಲು ಇರುವ ಸುಲಭವಾದ ಕುರುಹು ಇದೇ. ಆದರೆ ಅಷ್ಟು ಸಣ್ಣ ಕೊಳವೆಯನ್ನು ಸೇರಿಸಿದರೆ ಮೂತಿಯ ಸುತ್ತಲಿನ ಗಾಳಿಯ ಹರಿವು ಬದಲಾಗುತ್ತದೆ, ಇಂಧನದ ಒತ್ತಡವನ್ನು ತಡೆಯುವ ಪೈಪು–ಕವಾಟಗಳು ಬೇಕಾಗುತ್ತವೆ, ಹಾರುತ್ತಿರುವಾಗಲೇ ತೂಕ ಏರುತ್ತಾ ಹೋಗುವ ವಿಮಾನವನ್ನು ಸ್ಥಿರವಾಗಿ ಹಿಡಿಯಲು ನಿಯಂತ್ರಣ ತಂತ್ರಾಂಶದಲ್ಲಿ ತಿದ್ದುಪಡಿ ಬೇಕಾಗುತ್ತದೆ. 2018ರ ಸೆಪ್ಟೆಂಬರ್ 10ರಂದು ವಾಯುಪಡೆಯ ಐಎಲ್-78 ಟ್ಯಾಂಕರಿನಿಂದ 20,000 ಅಡಿ ಎತ್ತರದಲ್ಲಿ 1,900 ಕಿಲೋ ಇಂಧನವನ್ನು ತೇಜಸ್ ಮೊದಲ ಬಾರಿಗೆ ತುಂಬಿಕೊಂಡಿತು. ಆ ದಿನ ಹಾರಿದ್ದು ಸ್ಕ್ವಾಡ್ರನ್‌ನ ವಿಮಾನವಲ್ಲ, ಎಲ್‌ಎಸ್‌ಪಿ-8.

ಆರಂಭಿಕ ಅನುಮತಿಯ ವಿಮಾನಗಳನ್ನು ವಾಯುಪಡೆ ಕಣ್ಣುಮುಚ್ಚಿ ಒಪ್ಪಿಕೊಳ್ಳಲಿಲ್ಲ. 2015ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಮಾರ್ಕ್-1 ವಿಮಾನಕ್ಕೆ ವಾಯುಪಡೆ ಒಟ್ಟು 53 ವಿನಾಯಿತಿಗಳನ್ನು ಕೊಡಬೇಕಾಯಿತೆಂದು ಹೇಳಿತು. ಅವುಗಳಲ್ಲಿ 20 ಶಾಶ್ವತ, 33 ತಾತ್ಕಾಲಿಕ. ಆ ವರದಿಯನ್ನು ಆಗ ಹಲವರು ತೇಜಸ್‌ನ ಸೋಲಿನ ಪಟ್ಟಿ ಎಂದು ಓದಿದರು. ನನಗೆ ಆ ಎರಡು ಅಂಕಿಗಳು ಬೇರೆ ರೀತಿಯಲ್ಲಿ ಕಂಡವು. ತಾತ್ಕಾಲಿಕವಾದವು ಪರೀಕ್ಷೆಯಿಂದ, ಸಮಯದಿಂದ ನೀಗಬಹುದಾದ ಕೊರತೆಗಳು. ಶಾಶ್ವತವಾದವು ಆ ರಚನೆಯಲ್ಲಿ ಎಂದಿಗೂ ನೀಗದವು. ಅವುಗಳಿಗೆ ಹೊಸ ಆವೃತ್ತಿಯೇ ಬೇಕು. ಶತ್ರುವಿನ ರಡಾರನ್ನು ಮಂಕುಗೊಳಿಸುವ ಜಾಮರ್ ಅಳವಡಿಸಲು ವಿಮಾನದೊಳಗೆ ಜಾಗವೇ ಇರಲಿಲ್ಲ ಎಂಬ ಕೊರತೆಯನ್ನು ಎಷ್ಟು ಹಾರಾಟ ಮಾಡಿದರೂ ತುಂಬಲಾಗದು. ಮಾರ್ಕ್-1ಎ ಹುಟ್ಟಿದ್ದು ಈ ಅರಿವಿನಿಂದ. ದೊಡ್ಡ ಎಂಜಿನ್ನಿನ ಮಾರ್ಕ್-2 ಬರಲು ಇನ್ನೂ ಬಹಳ ಕಾಲ ಬೇಕೆಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಅದಕ್ಕೆ ಕಾಯದೆ, ರೆಕ್ಕೆ–ಮೈಗಳನ್ನು ಹಾಗೆಯೇ ಇಟ್ಟುಕೊಂಡು ಒಳಗಿನದನ್ನು ಬದಲಿಸುವ ನಡುದಾರಿಯೊಂದನ್ನು ಎಚ್‌ಎಎಲ್ ಮುಂದಿಟ್ಟಿತು. 2021ರ ಫೆಬ್ರವರಿಯಲ್ಲಿ ಸುಮಾರು 48,000 ಕೋಟಿ ರೂಪಾಯಿಗೆ 83 ವಿಮಾನಗಳ ಒಪ್ಪಂದವಾಯಿತು: 73 ಯುದ್ಧವಿಮಾನ, 10 ತರಬೇತಿ ವಿಮಾನ.

‘ಒಳಗಿನದನ್ನು ಬದಲಿಸುವುದು’ ಎಂಬ ಮಾತು ಕೇಳಲು ಸುಲಭ. ರಡಾರನ್ನೇ ತೆಗೆದುಕೊಳ್ಳಿ. ಮಾರ್ಕ್-1ರ ಮೂತಿಯಲ್ಲಿರುವುದು ಯಂತ್ರದಿಂದ ಅತ್ತಿತ್ತ ತಿರುಗುವ ತಟ್ಟೆಯ ರಡಾರ್. ಮಾರ್ಕ್-1ಎಯಲ್ಲಿ ಆಯೇಸಾ ರಡಾರ್, ಅಂದರೆ ತಿರುಗುವ ಭಾಗವೇ ಇಲ್ಲದೆ, ಒಂದು ಫಲಕದ ಮೇಲೆ ಒತ್ತೊತ್ತಾಗಿ ಕೂರಿಸಿದ ನೂರಾರು ಪುಟ್ಟ ಘಟಕಗಳು ತಾವೇ ಅಲೆಗಳನ್ನು ಕಳುಹಿಸಿ ತಾವೇ ಗ್ರಹಿಸುವ ರಡಾರ್. ಅಲೆಗಳ ದಿಕ್ಕನ್ನು ವಿದ್ಯುನ್ಮಾನದಿಂದಲೇ ಕ್ಷಣಾರ್ಧದಲ್ಲಿ ಬದಲಿಸಬಹುದಾದುದರಿಂದ ಒಂದೇ ಹೊತ್ತಿನಲ್ಲಿ ಆಕಾಶದ ಹಲವು ಗುರಿಗಳನ್ನು ಹಿಂಬಾಲಿಸುತ್ತಾ ನೆಲದತ್ತಲೂ ಕಣ್ಣಿಡಬಹುದು. ಘಟಕಗಳಲ್ಲಿ ನಾಲ್ಕಾರು ಕೆಟ್ಟರೂ ರಡಾರ್ ಪೂರ್ತಿ ಕುರುಡಾಗುವುದಿಲ್ಲ. ಆದರೆ ಆ ಫಲಕ ಹೆಚ್ಚು ವಿದ್ಯುತ್ ಬೇಡುತ್ತದೆ, ಹೆಚ್ಚು ಶಾಖ ಉಗುಳುತ್ತದೆ. ಆ ಶಾಖವನ್ನು ಸಾಗಿಸಲು ದ್ರವ ಹರಿಯುವ ತಂಪು ವ್ಯವಸ್ಥೆ ಬೇಕು. ಮೂತಿಯ ತೂಕ ಬದಲಾದರೆ ವಿಮಾನದ ತೂಕದ ಕೇಂದ್ರ ಸರಿಯುತ್ತದೆ. ಅಸ್ಥಿರ ವಿನ್ಯಾಸದ ವಿಮಾನದಲ್ಲಿ ಆ ಕೇಂದ್ರ ತುಸು ಸರಿದರೂ ನಿಯಂತ್ರಣದ ನಿಯಮಗಳನ್ನು ಮತ್ತೆ ಪರಿಶೀಲಿಸಬೇಕು. ರಡಾರ್ ಕಂಡದ್ದನ್ನು ಕ್ಷಿಪಣಿಗೆ ತಿಳಿಸುವ ಕಂಪ್ಯೂಟರ್, ಪೈಲಟ್‌ಗೆ ತೋರಿಸುವ ಪರದೆ, ರೆಕ್ಕೆಯಡಿ ತೂಗುವ ಜಾಮರ್ ಪಾಡ್‌ನ ಅಲೆಗಳು ನಮ್ಮದೇ ರಡಾರಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಹೊಂದಾಣಿಕೆ, ಇವೆಲ್ಲ ಆ ಒಂದು ಬದಲಾವಣೆಯ ಬಾಲ ಹಿಡಿದು ಬರುತ್ತವೆ. ಒಂದು ಸಲಕರಣೆ ಬದಲಾದರೆ ಹಾರಾಟ ಪರೀಕ್ಷೆಯ ಎಷ್ಟೋ ಪುಟಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಇಲ್ಲಿಯೇ ಹಳೆಯ ಎಲ್‌ಎಸ್‌ಪಿ ವಿಮಾನಗಳ ಋಣವನ್ನು ನೆನೆಯಬೇಕು. 2023ರ ಆಗಸ್ಟ್ 23ರಂದು ಗೋವಾದ ಕರಾವಳಿಯಾಚೆ ತೇಜಸ್‌ನಿಂದ ಸ್ವದೇಶಿ ಅಸ್ತ್ರ ಕ್ಷಿಪಣಿಯನ್ನು ಉಡಾಯಿಸಿದ್ದು ಎಲ್‌ಎಸ್‌ಪಿ-7. ಮಾರ್ಕ್-1ಎಗಾಗಿ ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ರೂಪಿಸಿದ ಹೊಸ ಹಾರಾಟ ನಿಯಂತ್ರಣ ಕಂಪ್ಯೂಟರ್ 2024ರ ಫೆಬ್ರವರಿ 19ರಂದು ಮೊದಲು ಹಾರಿದ್ದೂ ಅದೇ ಎಲ್‌ಎಸ್‌ಪಿ-7ರಲ್ಲಿ. ಸ್ವದೇಶಿ ಉತ್ತಮ್ ರಡಾರ್ ಆಕಾಶ ಕಂಡದ್ದು ಎಲ್‌ಎಸ್‌ಪಿ ವಿಮಾನಗಳ ಮೂತಿಯಲ್ಲಿ ಕೂತು. 2012ರಲ್ಲಿ ಮೊದಲು ಹಾರಿದ ವಿಮಾನವೊಂದು ಹನ್ನೆರಡು ವರ್ಷಗಳ ನಂತರವೂ, ತಾನೆಂದೂ ಆಗದ ಆವೃತ್ತಿಗಾಗಿ ತನ್ನ ಮೈಯಲ್ಲಿ ಹೊಸ ಅಂಗಗಳನ್ನು ಹೊತ್ತು ಪರೀಕ್ಷೆಗೆ ಒಡ್ಡಿಕೊಳ್ಳುತ್ತಿದೆ. ಮಾರ್ಕ್-1ಎ 2024ರ ಮಾರ್ಚ್‌ನಲ್ಲಿ ಮೊದಲ ಬಾರಿ ಹಾರಿತೆಂಬುದು ನಿಜ. ಆದರೆ ಅದರ ಭಾಗಗಳು ಅದಕ್ಕಿಂತ ಮೊದಲೇ ಬಿಡಿಬಿಡಿಯಾಗಿ ಹಾರಿದ್ದವು.

ಇನ್ನೂ ಒಂದು ಸೂಕ್ಷ್ಮವಿದೆ. ಮಾರ್ಕ್-1ಎ ಎಂಬ ಹೆಸರು ಕೂಡ ಒಂದೇ ರೂಪದ್ದಲ್ಲ. 83ರ ಒಪ್ಪಂದದಲ್ಲಿ ಮೊದಲ 40 ವಿಮಾನಗಳಿಗೆ ಇಸ್ರೇಲಿನ ಇಎಲ್/ಎಂ-2052 ರಡಾರನ್ನೂ, 41ನೆಯದರಿಂದ ಉತ್ತಮ್ ರಡಾರನ್ನೂ ಹಾಕುವುದೆಂದು ಯೋಜನೆಯಾಯಿತು. 2025ರ ಸೆಪ್ಟೆಂಬರ್‌ನಲ್ಲಿ 62,370 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತಕ್ಕೆ ಇನ್ನೂ 97 ಮಾರ್ಕ್-1ಎ ವಿಮಾನಗಳಿಗೆ ಸಹಿ ಬಿತ್ತು. 68 ಯುದ್ಧವಿಮಾನ, 29 ತರಬೇತಿ ವಿಮಾನ. ಅವುಗಳಲ್ಲಿ ಉತ್ತಮ್ ರಡಾರ್, ಸ್ವಯಂ ರಕ್ಷಾ ಕವಚ ಎಂಬ ವಿದ್ಯುನ್ಮಾನ ಯುದ್ಧ ವ್ಯವಸ್ಥೆ, ರೆಕ್ಕೆಯ ಅಂಗಗಳನ್ನು ಚಲಿಸುವಂತೆ ಮಾಡುವ ಸ್ವದೇಶಿ ಸಾಧನಗಳು ಇರುತ್ತವೆ. ಹಿಂದಿನ ಒಪ್ಪಂದಕ್ಕಿಂತ 67 ಹೆಚ್ಚುವರಿ ವಸ್ತುಗಳು ದೇಶದಲ್ಲೇ ತಯಾರಾಗುತ್ತವೆ. ಹೆಸರು ಒಂದೇ, ಕಣ್ಣು ಬೇರೆ. ಆದುದರಿಂದ ‘ಮಾರ್ಕ್-1ಎ’ ಎಂದು ಓದಿದ ಕೂಡಲೇ ನಾನು ಕೇಳಿಕೊಳ್ಳುವ ಪ್ರಶ್ನೆ, ಯಾವ ಒಪ್ಪಂದದ ಎಷ್ಟನೆಯ ವಿಮಾನ ಎಂಬುದು.

ಬೇರೆ ದೇಶದವರ ಹೆಸರುಗಳೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತವೆ. ಅಮೆರಿಕದ ಎಫ್-16ಕ್ಕೆ ಬ್ಲಾಕ್ ಎಂಬ ಸಂಖ್ಯೆಗಳಿವೆ. 30ರಿಂದ ಮುಂದೆ ಕೊನೆಯ ಅಂಕಿ ಸೊನ್ನೆಯಾದರೆ ಎಂಜಿನ್ ಜನರಲ್ ಎಲೆಕ್ಟ್ರಿಕ್‌ನದು, ಎರಡಾದರೆ ಪ್ರ್ಯಾಟ್ ಅಂಡ್ ವಿಟ್ನಿಯದು. ಬ್ಲಾಕ್ 15ರಲ್ಲಿ ಗಾಳಿ ಒಳಹೋಗುವ ಬಾಯಿಯ ಪಕ್ಕ ಎರಡು ಹೊಸ ತೂಗುಗೂಟಗಳನ್ನು ಸೇರಿಸಿದಾಗ, ಸರಿದ ತೂಕದ ಕೇಂದ್ರವನ್ನು ಸರಿದೂಗಿಸಲು ಬಾಲದ ಅಡ್ಡರೆಕ್ಕೆಗಳನ್ನೇ ದೊಡ್ಡದು ಮಾಡಬೇಕಾಯಿತು. ಫ್ರಾನ್ಸಿನ ರಫಾಲ್‌ಗೆ ಎಫ್1, ಎಫ್2, ಎಫ್3 ಎಂಬ ಮಟ್ಟಗಳಿವೆ. ಅಲ್ಲಿ ತಂತ್ರಾಂಶದ ಪಾತ್ರವೇ ಹಿರಿದು.

ಉನ್ನತೀಕರಣ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮಲ್ಲಿ ಮಿಗ್-21ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1963ರಲ್ಲಿ ಭಾರತಕ್ಕೆ ಬಂದ ಆ ಹೆಸರು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ನಡುವೆ ನಾಸಿಕ್‌ನ ಕಾರ್ಖಾನೆಯಲ್ಲಿ ಎಫ್‌ಎಲ್, ಎಂ, ಬಿಸ್ ಎಂಬ ಮೂರು ಆವೃತ್ತಿಗಳು ತಯಾರಾದವು. ಎಫ್‌ಎಲ್‌ನೊಳಗೆ ಫಿರಂಗಿಯೇ ಇರಲಿಲ್ಲ. 1971ರ ಯುದ್ಧದ ಹೊತ್ತಿಗೆ ಹೊಟ್ಟೆಯಡಿ ಗನ್ ಪಾಡ್ ತೂಗಿಹಾಕಬೇಕಾಯಿತು. ಎಂ ಆವೃತ್ತಿಯಲ್ಲಿ ಜಿಎಸ್ಎಚ್-23 ಫಿರಂಗಿ ಮೈಯೊಳಗೇ ಬಂತು. ಅದೇ ಫಿರಂಗಿ ಇಂದು ತೇಜಸ್‌ನಲ್ಲಿಯೂ ಇದೆ. ಬಿಸ್ ವಿಮಾನಗಳಲ್ಲಿ ಸುಮಾರು 125ನ್ನು ಆರಿಸಿ, ಕೋಪ್ಯೋ ರಡಾರ್, ಆರ್-73 ಮತ್ತು ಆರ್-77 ಕ್ಷಿಪಣಿಗಳನ್ನು ಕೊಟ್ಟು ಬೈಸನ್ ಮಾಡಿದರು. ಕಣ್ಣು, ಕಿವಿ, ಆಯುಧ ಎಲ್ಲವೂ ಹೊಸದಾದವು. ಆದರೆ ದಣಿದ ಲೋಹಕ್ಕೆ, ಇಳಿಯುವಾಗಿನ ಅತಿವೇಗಕ್ಕೆ, ಕಡಿಮೆ ಇಂಧನಕ್ಕೆ ಯಾವ ಉನ್ನತೀಕರಣವೂ ಮದ್ದಾಗಲಿಲ್ಲ. ಬೆಂಗಳೂರಿನಲ್ಲೇ ಆದ ಇನ್ನೊಂದು ಕೆಲಸ ಇದಕ್ಕಿಂತ ಸಣ್ಣದು, ಆದರೆ ನನಗೆ ಬಹಳ ಇಷ್ಟವಾದದ್ದು: ನ್ಯಾಟ್ ವಿಮಾನದ ರೆಕ್ಕೆಯೊಳಗೇ ಇಂಧನ ತುಂಬುವಂತೆ ಮಾಡಿ ಅಜೀತ್‌ನ್ನು ರೂಪಿಸಿದ್ದು. ಅದರಿಂದ ಹೊರಗಿನ ಇಂಧನ ಟ್ಯಾಂಕು ತೂಗುತ್ತಿದ್ದ ಜಾಗ ಆಯುಧಗಳಿಗೆ ಬಿಡುವಾಯಿತು.

ಮಾರ್ಕ್-2 ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮಾರ್ಕ್-1ರ ಉದ್ದ 13.2 ಮೀಟರ್, ಮಾರ್ಕ್-2ರದು 14.6 ಮೀಟರ್. ಹಾರುವಾಗಿನ ಗರಿಷ್ಠ ತೂಕ 13.5 ಟನ್‌ನಿಂದ 17.5 ಟನ್‌ಗೆ ಏರುತ್ತದೆ. ಮುಂದೆ ಕೆನಾರ್ಡ್ ಎಂಬ ಪುಟ್ಟ ರೆಕ್ಕೆಗಳಿವೆ, ಒಳಗೆ ಎಫ್-414 ಎಂಜಿನ್. ಅದನ್ನು ತೇಜಸ್‌ನ ಉನ್ನತೀಕರಣ ಎನ್ನುವುದಕ್ಕಿಂತ ತೇಜಸ್‌ನಿಂದ ಕಲಿತ ಹೊಸ ವಿಮಾನ ಎನ್ನುವುದೇ ಸರಿ. ಒಂದು ಹಳೆಯ ಮಾರ್ಕ್-1ನ್ನು ಹ್ಯಾಂಗರಿಗೆ ತಂದು ಮಾರ್ಕ್-2 ಮಾಡಲು ಸಾಧ್ಯವೇ ಇಲ್ಲ.

ಈ ಕಥೆಯಲ್ಲಿ ಎಂಜಿನ್‌ನ ಮಾತು ಮತ್ತೆ ಮತ್ತೆ ಬರುತ್ತಿರುವುದು ಆಕಸ್ಮಿಕವಲ್ಲ. ತೇಜಸ್‌ಗೆಂದು ಬೆಂಗಳೂರಿನಲ್ಲಿ ಆರಂಭವಾದ ಕಾವೇರಿ ಎಂಜಿನ್ ಆ ವಿಮಾನವನ್ನು ಸೇರಲಿಲ್ಲ. ವಿಮಾನ ಅಮೆರಿಕದ ಎಂಜಿನ್‌ನಿಂದಲೇ ಹಾರಿತು. ಮಾರ್ಕ್-1ಎಗಾಗಿ 2021ರಲ್ಲಿ 99 ಎಂಜಿನ್‌ಗಳಿಗೆ ಬೇಡಿಕೆ ಕೊಟ್ಟರೂ ಅವುಗಳಲ್ಲಿ ಮೊದಲನೆಯದು ತಲುಪಿದ್ದು 2025ರ ಮಾರ್ಚ್‌ನಲ್ಲಿ. ರಡಾರ್ ಬದಲಿಸಬಹುದು, ತಂತ್ರಾಂಶ ತಿದ್ದಬಹುದು. ಎಂಜಿನ್ ಇಲ್ಲದಿದ್ದರೆ ಆವೃತ್ತಿ ಕಾಗದದಲ್ಲಿಯೇ ನಿಲ್ಲುತ್ತದೆ.

ಈ ಮಾತನ್ನು ರಾಯರಿಗೆ ತೋರಿಸಲೆಂದೇ ಒಂದು ಭಾನುವಾರ ಅವರನ್ನು ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರಿಗೆ ಕರೆದುಕೊಂಡು ಹೋದೆ. ಅಲ್ಲಿ ಬಯಲಿನಲ್ಲಿ ಮರುತ್ ನಿಂತಿದೆ. ಜರ್ಮನಿಯ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಗೊಂಡು 1961ರ ಜೂನ್‌ನಲ್ಲಿ ಹಾರಿದ ವಿಮಾನ. ಹಿಂಬದಿಗೆ ಹೋಗಿ ನೋಡಿದರೆ ಎರಡು ಎಂಜಿನ್‌ಗಳ ಬಾಯಿಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಅಷ್ಟು ಉದ್ದದ, ಅಷ್ಟು ನಯವಾದ ಮೈಗೆ ಅವು ಸಣ್ಣವೆಂದು ಯಾರಿಗಾದರೂ ಅನಿಸುತ್ತದೆ. ಆ ಮೈಯನ್ನು ಶಬ್ದದ ಎರಡು ಪಟ್ಟು ವೇಗದ ಆಸೆಯಿಂದ ರೂಪಿಸಿದ್ದರು. ಅದಕ್ಕೆ ಬೇಕಾಗಿದ್ದ ಆರ್ಫಿಯಸ್ ಎಂಜಿನ್‌ನ ಬಲಿಷ್ಠ ಆವೃತ್ತಿಯ ಕೆಲಸ ಬ್ರಿಟನ್‌ನಲ್ಲಿ ನಿಂತುಹೋದ್ದರಿಂದ, ಆಫ್ಟರ್‌ಬರ್ನರ್, ಅಂದರೆ ಹೊರಹೋಗುವ ಬಿಸಿಗಾಳಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ, ಇಲ್ಲದ ಆರ್ಫಿಯಸ್ 703ರ ಮೇಲೆಯೇ ಮರುತ್ ಹಾರಬೇಕಾಯಿತು. ಎರಡು ಆಸನದ 18 ಸೇರಿದಂತೆ ಒಟ್ಟು 147 ವಿಮಾನಗಳು ತಯಾರಾದವು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಚೆನ್ನಾಗಿಯೇ ಹೋರಾಡಿದವು. ಹೆಚ್ಚಿನ ಶಕ್ತಿಯ ಮರುತ್ ಮಾತ್ರ ಸ್ಕ್ವಾಡ್ರನ್ ಸೇರಲಿಲ್ಲ. ಅದಕ್ಕಾಗಿ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಅದೇ ಎಂಜಿನ್ನಿಗೆ ಇಲ್ಲಿಯೇ ಆಫ್ಟರ್‌ಬರ್ನರ್ ಅಳವಡಿಸಿ ಪರೀಕ್ಷಾ ವಿಮಾನವೊಂದನ್ನು ಸಿದ್ಧಪಡಿಸಿದ್ದರು. 1970ರ ಜನವರಿ 10ರಂದು ಅದು ಬೆಂಗಳೂರಿನಲ್ಲಿ ಬಿದ್ದು, ಅದನ್ನು ಹಾರಿಸುತ್ತಿದ್ದ ಗ್ರೂಪ್ ಕ್ಯಾಪ್ಟನ್ ತೀರಿಕೊಂಡರು. ಮರುತ್‌ನ ಮೊಟ್ಟಮೊದಲ ಹಾರಾಟ ಮಾಡಿದವರೂ ಅವರೇ.

ರಾಯರು ಎರಡು ಎಂಜಿನ್‌ಗಳ ಹಿಂದೆ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಮರಳಿ ಬರುವಾಗ ಆಟೋ ಹಳೇ ಏರ್‌ಪೋರ್ಟ್ ರಸ್ತೆಯಿಂದ ಬಲಕ್ಕೆ ಹೊರಳಿತು. ಮೂವತ್ತು ವರ್ಷಗಳಿಂದ ಪ್ರತಿದಿನ ತಿರುಗಿದ್ದ ಅದೇ ತಿರುವಿನಲ್ಲಿ ಅವರು ಹೊರಗೆ ಬಾಗಿ ಫಲಕವನ್ನು ನೋಡಿ, “ಆ ಪೈಲಟ್ ಹೆಸರೇನು ಅಂದ್ರಿ?” ಎಂದು ಕೇಳಿದರು. ನಾನು ಇನ್ನೂ ಹೇಳಿರಲಿಲ್ಲ. ಫಲಕದ ಮೇಲೆ ಸುರಂಜನ್ ದಾಸ್ ರಸ್ತೆ ಎಂದು ಬರೆದಿತ್ತು.